ಲಕ್ಷ ರೂಪಾಯಿಯ ಡಿಸ್ಕ್ ಪ್ಲೇಯರ್ ಕೊಳ್ಳಬೇಕೇ, ಬೇಡವೇ?

ಪ್ರಶ್ನೆ: ನಾನು ತುಮಕೂರಿನ ಎಸ್.ಎಸ್. ಪುರಂ ನಿವಾಸಿ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ. ಹನ್ನೆರಡು ವರ್ಷ ದುಡಿದ ನನ್ನ ಬ್ಲೂ-ರೇ ಪ್ಲೇಯರ್‌ನ ಟ್ರೇ ಈಗ ಹೊರಗೆ ಬರುತ್ತಿಲ್ಲ. ಬಿಡಿಭಾಗ ಸಿಗುವುದಿಲ್ಲವೆಂದು ರಿಪೇರಿಯವರು ಕೈಚೆಲ್ಲಿದ್ದಾರೆ. ನನ್ನಲ್ಲಿ ಸುಮಾರು 200 ಡಿವಿಡಿ, 30 ಬ್ಲೂ-ರೇ ಡಿಸ್ಕ್‌ಗಳಿವೆ. ಇಬ್ಬರು ಮಕ್ಕಳ ಮದುವೆಯ ಡಿವಿಡಿಗಳೂ ಇವೆ. ಹಾಲ್‌ನಲ್ಲಿರುವುದು ಚಿತ್ರದ ಬೆಳಕು-ಬಣ್ಣ ಹೊಂದಿಸುವ ಡಾಲ್ಬಿ ವಿಷನ್ ಸೌಲಭ್ಯದ 65 ಇಂಚಿನ 4ಕೆ ಟಿವಿ, ಜೊತೆಗೆ ಎಚ್‌ಡಿಎಂಐ ಇರುವ ಆರು ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಹಳೆಯ 5.1 ರಿಸೀವರ್. ಸೋಫಾದಿಂದ ಟಿವಿಗೆ 11 ಅಡಿ ದೂರ. ಬೆಂಗಳೂರಿನ ಅಂಗಡಿಯೊಂದರಲ್ಲಿ ಉನ್ನತ ದರ್ಜೆಯ 4ಕೆ ಬ್ಲೂ-ರೇ ಪ್ಲೇಯರ್‌ಗೆ 1,10,000 ರೂಪಾಯಿ ಹೇಳಿದ್ದಾರೆ. ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ತರುತ್ತೇನೆ ಎನ್ನುತ್ತಾಳೆ. ಮಗನ ಪ್ರಕಾರ ಎಲ್ಲವೂ ಒಟಿಟಿಯಲ್ಲೇ ಸಿಗುವಾಗ ಇದು ದಂಡದ ಖರ್ಚು. ಬೇಕಾದರೆ ಮೊಮ್ಮಗನ ಪ್ಲೇಸ್ಟೇಷನ್ 5 ಇದೆಯಲ್ಲ ಎಂಬುದು ಅವನ ಮಾತು. ನಾನು ಏನು ಮಾಡಲಿ?

ಉತ್ತರ: ನೀವು ಪ್ಲೇಯರ್ ಕೊಳ್ಳಬೇಕು, ಆದರೆ ಆ 1,10,000 ರೂಪಾಯಿಯದ್ದನ್ನಲ್ಲ. ಡಾಲ್ಬಿ ವಿಷನ್ ಇರುವ, ಎರಡು ಎಚ್‌ಡಿಎಂಐ ಔಟ್‌ಪುಟ್ ಇರುವ, ನಮ್ಮ 230 ವೋಲ್ಟ್‌ಗೆ ಹೊಂದುವ ಮಧ್ಯಮ ದರ್ಜೆಯ 4ಕೆ ಪ್ಲೇಯರ್ ನಿಮ್ಮ ಮನೆಗೆ ಸಾಕು. ಹಾಗೆಯೇ, ಕೊಳ್ಳುವುದನ್ನು ಇನ್ನು ಹೆಚ್ಚು ದಿನ ಮುಂದೂಡಬೇಡಿ. ಈ ಎರಡು ಮಾತುಗಳಿಗೂ ಕಾರಣಗಳಿವೆ, ಒಂದೊಂದಾಗಿ ಹೇಳುತ್ತೇನೆ.

ಮೊದಲಿಗೆ, ದುಬಾರಿ ಪ್ಲೇಯರ್‌ನಲ್ಲಿ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಡಿಸ್ಕ್ ಓದುವ ಲೇಸರ್ ಮತ್ತು ಯಂತ್ರಭಾಗ, ಓದಿದ್ದನ್ನು ಬಿಡಿಸಿ ಚಿತ್ರವಾಗಿಸುವ ಚಿಪ್, ಅದನ್ನು ಟಿವಿಗೆ ಕಳುಹಿಸುವ ಎಚ್‌ಡಿಎಂಐ, ಇಷ್ಟು ಕಡಿಮೆ ಬೆಲೆಯ ಪ್ಲೇಯರ್‌ನಲ್ಲೂ ಇರುತ್ತದೆ, ದುಬಾರಿಯದರಲ್ಲೂ ಇರುತ್ತದೆ. ದುಬಾರಿಯದರಲ್ಲಿ ಇದರ ಮೇಲೆ ಸೇರುವುದು ದಪ್ಪ ಲೋಹದ ಕವಚ, ಧ್ವನಿಗೆಂದೇ ಪ್ರತ್ಯೇಕವಾದ ಪವರ್ ಸಪ್ಲೈ, ಉತ್ತಮ ಡಿಜಿಟಲ್-ಅನಲಾಗ್ ಪರಿವರ್ತಕ, ಹಿಂಬದಿಯಲ್ಲಿ 7.1 ಅನಲಾಗ್ ಸಾಕೆಟ್‌ಗಳು, ಸ್ಟುಡಿಯೋಗಳಲ್ಲಿ ಕಾಣುವಂಥ ಮೂರು ಪಿನ್ನಿನ ಬ್ಯಾಲೆನ್ಸ್ಡ್ ಔಟ್‌ಪುಟ್. 2018ರಲ್ಲಿ ಪ್ಯಾನಸೋನಿಕ್ ಬಿಡುಗಡೆ ಮಾಡಿದ ಯುಬಿ9000 ಈ ಬಗೆಯ ಯಂತ್ರಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಅದರ ಬೆಲೆ ಸುಮಾರು 1,000 ಡಾಲರ್ ಇದ್ದಾಗ, ಅದೇ ಕಂಪನಿಯ ಯುಬಿ820 ಅರ್ಧ ಬೆಲೆಗೆ ಸಿಗುತ್ತಿತ್ತು. ಆ ಹೆಚ್ಚುವರಿ ಹಣದ ಬಹುಭಾಗ ಹೋಗುವುದು ಅನಲಾಗ್ ಧ್ವನಿಗೆ ಮತ್ತು ಕಟ್ಟುಮಸ್ತಾದ ಮೈಗೆ.

ನಿಮ್ಮ ಮನೆಯಲ್ಲಿ ಧ್ವನಿಯು ಎಚ್‌ಡಿಎಂಐ ಕೇಬಲ್ ಮೂಲಕ ಅಂಕಿಗಳ ರೂಪದಲ್ಲೇ ರಿಸೀವರ್‌ಗೆ ಹೋಗುತ್ತದೆ. ಅಂಕಿಗಳನ್ನು ಧ್ವನಿಯಾಗಿ ಪರಿವರ್ತಿಸುವ ಕೆಲಸ ನಡೆಯುವುದು ರಿಸೀವರ್‌ನ ಒಳಗೆ. ಪ್ಲೇಯರ್‌ನಲ್ಲಿರುವ ಉತ್ತಮ ಪರಿವರ್ತಕ ಎಷ್ಟೇ ಬೆಲೆಬಾಳಲಿ, ಒಂದು ಕ್ಷಣವೂ ಬಳಕೆಗೆ ಬರುವುದಿಲ್ಲ. ಇದನ್ನು ನೀವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಆ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ಅದರ ತೂಕ ನೋಡಿದಾಗ ಯಾರಿಗಾದರೂ ಮನಸ್ಸು ಕರಗುತ್ತದೆ. ತೂಕದಿಂದ ಗುಣವನ್ನು ಅಳೆಯುವ ಅಭ್ಯಾಸ ಆಂಪ್ಲಿಫೈಯರ್‌ಗಳ ಕಾಲದಿಂದ ನಮಗೆ ಬಂದದ್ದು. ಆಂಪ್ಲಿಫೈಯರ್‌ನಲ್ಲಿ ಅದಕ್ಕೆ ಅರ್ಥವಿತ್ತು, ಎಚ್‌ಡಿಎಂಐ ಮೂಲಕ ಅಂಕಿಗಳನ್ನಷ್ಟೇ ದಾಟಿಸುವ ಯಂತ್ರದಲ್ಲಿ ಅದಕ್ಕೆ ಅಷ್ಟು ಅರ್ಥವಿಲ್ಲ.

ಚಿತ್ರದ ವಿಷಯದಲ್ಲಿ ನಾನೇ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಕ್ಯಾತ್ಸಂದ್ರದ ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ಭಾನುವಾರ ಸಾಧಾರಣ ಬೆಲೆಯ 4ಕೆ ಪ್ಲೇಯರ್ ಒಂದನ್ನೂ ಅದರ ನಾಲ್ಕು ಪಟ್ಟು ಬೆಲೆಯ ಇನ್ನೊಂದನ್ನೂ ಒಂದೇ ಟಿವಿಗೆ ಜೋಡಿಸಿ, ಕಿಟಕಿಗಳಿಗೆ ಪರದೆ ಎಳೆದು ಕುಳಿತೆವು. ಒಂದೇ ಡಿಸ್ಕನ್ನು ಎರಡರಲ್ಲೂ ಹಾಕಿ, ಒಂದೇ ದೃಶ್ಯವನ್ನು ಒಂದೇ ಫ್ರೇಮಿನಲ್ಲಿ ನಿಲ್ಲಿಸಿ, ನಟಿಯ ಕಿವಿಯ ಬಳಿಯ ಕೂದಲೆಳೆಗಳನ್ನೂ ಹಿಂದಿನ ಗೋಡೆಯ ಮೇಲಿನ ಫಿಲ್ಮ್ ಗ್ರೇನ್ ಚುಕ್ಕೆಗಳನ್ನೂ ಟಿವಿಯ ಮುಂದೆ ಮಂಡಿಯೂರಿ ನೋಡಿದೆವು. ಎರಡೂ ಯಂತ್ರಗಳ ಸೆಟ್ಟಿಂಗ್ ಒಂದೇ ಆಗಿದ್ದಾಗ, ಯಾವುದು ಯಾವುದೆಂದು ನಾವು ಮೂವರಲ್ಲಿ ಯಾರಿಗೂ ಹೇಳಲಾಗಲಿಲ್ಲ. 4ಕೆ ಡಿಸ್ಕ್‌ನಲ್ಲಿ ಚಿತ್ರವು 3840 ಗುಣಿಸು 2160 ಬಿಂದುಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಟಿವಿಯಲ್ಲೂ ಬಿಂದುಗಳು ಅಷ್ಟೇ. ನಡುವೆ ಪ್ಲೇಯರ್ ಹಿಗ್ಗಿಸಬೇಕಾದ್ದು, ಕುಗ್ಗಿಸಬೇಕಾದ್ದು ಏನೂ ಇಲ್ಲ. ಬಣ್ಣದ ಮಾಹಿತಿಯನ್ನು ಮಾತ್ರ ಡಿಸ್ಕ್‌ನಲ್ಲಿ ಕಾಲುಭಾಗ ಬಿಂದುಗಳಿಗೆ ಇಳಿಸಿ ತುಂಬಿರುತ್ತಾರೆ, ಅದನ್ನು ಮತ್ತೆ ಹರಡುವಾಗ ಪ್ಲೇಯರ್‌ಗಳ ನಡುವೆ ಸೂಕ್ಷ್ಮ ವ್ಯತ್ಯಾಸ ಇರಬಹುದು. ಆದರೆ 11 ಅಡಿ ದೂರದಿಂದ ಅದು ಕಾಣುವಂಥದ್ದಲ್ಲ.

ವ್ಯತ್ಯಾಸ ಕಂಡದ್ದು ಅದೇ ಸಂಜೆ ಹಳೆಯ ಮದುವೆಯ ಡಿವಿಡಿ ಹಾಕಿದಾಗ. ಆ ಕಾಲದ ವಿಡಿಯೋ ಕ್ಯಾಮೆರಾಗಳು ಪ್ರತಿ ಚಿತ್ರವನ್ನೂ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ ಎಂದು ಎರಡು ಕಂತುಗಳಲ್ಲಿ ಹಿಡಿಯುತ್ತಿದ್ದವು. ಈ ಎರಡು ಕಂತುಗಳನ್ನು ಹೊಲಿದು ಒಂದು ಪೂರ್ಣ ಚಿತ್ರ ಮಾಡುವುದು ಪ್ಲೇಯರ್‌ನ ಇಲ್ಲವೇ ಟಿವಿಯ ಕೆಲಸ. ವಧು ಹಸೆಮಣೆಯಿಂದ ಏಳುವಾಗ ಸೀರೆಯ ಜರಿಯಂಚು ಸಾಧಾರಣ ಯಂತ್ರದಲ್ಲಿ ಬಾಚಣಿಗೆಯ ಹಲ್ಲಿನಂತೆ ಒಡೆದು ಕಾಣುತ್ತಿತ್ತು. ದುಬಾರಿ ಯಂತ್ರದಲ್ಲಿ ಅದೇ ಅಂಚು ಅಖಂಡವಾಗಿ ಉಳಿಯಿತು. ನಿಮ್ಮಲ್ಲಿರುವುದರಲ್ಲಿ ಹೆಚ್ಚಿನವು ಡಿವಿಡಿಗಳೇ ಆದ್ದರಿಂದ ಈ ವಿಷಯವನ್ನು ಮರೆಮಾಚುವುದು ಸರಿಯಲ್ಲ. ಆದರೆ ಅದಕ್ಕೂ ಒಂದು ದಾರಿಯಿದೆ: ಪ್ಲೇಯರ್ ಡಿವಿಡಿಯ ಚಿತ್ರವನ್ನು ಮುಟ್ಟದೆ ಮೂಲರೂಪದಲ್ಲೇ ಕಳುಹಿಸುವಂತೆ ಸೆಟ್ಟಿಂಗ್ ಬದಲಿಸಿದಾಗ, ಹೊಲಿಯುವ ಕೆಲಸವನ್ನು ಟಿವಿ ವಹಿಸಿಕೊಂಡಿತು, ಮತ್ತು ಕಡಿಮೆ ಬೆಲೆಯ ಯಂತ್ರದಲ್ಲೂ ಆ ಬಾಚಣಿಗೆ ಹಲ್ಲು ಬಹುಮಟ್ಟಿಗೆ ಮಾಯವಾಯಿತು. ಈಚಿನ ಟಿವಿಗಳ ಚಿಪ್‌ಗಳು ಈ ಕೆಲಸದಲ್ಲಿ ಚೆನ್ನಾಗಿ ಪಳಗಿವೆ. ಕೊಳ್ಳುವ ಪ್ಲೇಯರ್‌ನಲ್ಲಿ ಹೀಗೆ ಮೂಲ ರೆಸಲ್ಯೂಶನ್ ಕಳುಹಿಸುವ ಆಯ್ಕೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ನಿಮ್ಮ 11 ಅಡಿಯ ವಿಷಯಕ್ಕೆ ಬರೋಣ. ನೀವು ಭೌತಶಾಸ್ತ್ರ ಕಲಿಸಿದವರು, ಲೆಕ್ಕ ನಿಮಗೆ ಹೊಸದಲ್ಲ. ಆರೋಗ್ಯವಂತ ಕಣ್ಣು ಸುಮಾರು ಒಂದು ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. 65 ಇಂಚಿನ ಟಿವಿಯ ಅಗಲ ಸುಮಾರು 144 ಸೆಂಟಿಮೀಟರ್. ಸಾಮಾನ್ಯ ಬ್ಲೂ-ರೇ ಚಿತ್ರದ 1920 ಬಿಂದುಗಳನ್ನು ಅದರ ಮೇಲೆ ಹರಡಿದರೆ ಒಂದೊಂದು ಬಿಂದು ಮುಕ್ಕಾಲು ಮಿಲಿಮೀಟರ್ ಆಗುತ್ತದೆ, ಮತ್ತು ಅದು ಆ ಒಂದು ಆರ್ಕ್ ಮಿನಿಟ್ ಕೋನಕ್ಕೆ ಇಳಿಯುವುದು ಸುಮಾರು 2.6 ಮೀಟರ್ ದೂರದಲ್ಲಿ. ನೀವು ಕೂರುವುದು 3.35 ಮೀಟರ್ ದೂರದಲ್ಲಿ. ಅಂದರೆ ನಿಮ್ಮ ಸೋಫಾದಿಂದ ಒಳ್ಳೆಯ ಬ್ಲೂ-ರೇ ಡಿಸ್ಕ್‌ಗೂ 4ಕೆ ಡಿಸ್ಕ್‌ಗೂ ಬರಿಯ ಬಿಂದುಗಳ ಎಣಿಕೆಯಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸೋಫಾವನ್ನು ಎಂಟು ಅಡಿಗೆ ತಂದರೆ ಒಂದು ಪೈಸೆ ಖರ್ಚಿಲ್ಲದೆ ಸಿಗುವ ಲಾಭ, ಲಕ್ಷ ರೂಪಾಯಿಯ ಪ್ಲೇಯರ್ ತಂದು 11 ಅಡಿ ದೂರದಲ್ಲೇ ಕುಳಿತು ನೋಡಿದರೆ ಸಿಗುವುದಿಲ್ಲ.

ಹಾಗಾದರೆ 4ಕೆ ಪ್ಲೇಯರೇ ಏಕೆ, ಇನ್ನೊಂದು ಮಾಮೂಲಿ ಬ್ಲೂ-ರೇ ಪ್ಲೇಯರ್ ಸಾಲದೇ ಎಂದು ನೀವು ಕೇಳಬಹುದು. 4ಕೆ ಡಿಸ್ಕ್‌ನ ನಿಜವಾದ ಗಳಿಕೆ ಇರುವುದು ಬೆಳಕು ಮತ್ತು ಬಣ್ಣದಲ್ಲಿ. ಹಳೆಯ ಬ್ಲೂ-ರೇಯಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳಿದ್ದವು, 4ಕೆ ಡಿಸ್ಕ್‌ನಲ್ಲಿ 1024 ಇವೆ. ದೇವರಾಯನದುರ್ಗದ ಮೇಲೆ ನಿಂತು ಸೂರ್ಯ ಮುಳುಗಿದ ಮೇಲೆ ಪಡುವಣ ದಿಕ್ಕನ್ನು ನೋಡಿದವರಿಗೆ ಗೊತ್ತು, ಕೇಸರಿಯಿಂದ ನೇರಳೆಗೆ ಆಕಾಶ ಎಲ್ಲಿ ಹೊರಳಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅಂಥ ಆಕಾಶ ಹಳೆಯ ಡಿಸ್ಕ್‌ಗಳಲ್ಲಿ ಪಟ್ಟಿ ಪಟ್ಟಿಯಾಗಿ ಸೀಳಿಕೊಳ್ಳುತ್ತಿತ್ತು. ಜೊತೆಗೆ ಬೆಳಕು-ಕತ್ತಲೆಯ ಅಂತರವನ್ನು ಹಿಗ್ಗಿಸುವ ಎಚ್‌ಡಿಆರ್ ತಂತ್ರದಿಂದಾಗಿ ಕತ್ತಲ ಗರ್ಭಗುಡಿಯಲ್ಲಿನ ಒಂದು ದೀಪದ ಕುಡಿ ನಿಜವಾಗಿಯೂ ಉರಿಯುವಂತೆ ಕಾಣುತ್ತದೆ, ಸುತ್ತಲಿನ ಕಲ್ಲು ಕಪ್ಪಾಗಿಯೇ ಉಳಿಯುತ್ತದೆ. ಇದನ್ನು ನೋಡಲು ಹತ್ತಿರ ಕೂರಬೇಕಾಗಿಲ್ಲ, 11 ಅಡಿಯಿಂದಲೂ ಕಾಣುತ್ತದೆ. ಡಾಲ್ಬಿ ವಿಷನ್ ಇದರ ಮುಂದಿನ ಹೆಜ್ಜೆ: ಬೆಳಕನ್ನು ಹೇಗೆ ಹೊಂದಿಸಬೇಕೆಂದು ಇಡೀ ಚಿತ್ರಕ್ಕೆ ಒಂದೇ ಸೂಚನೆ ಕೊಡುವ ಬದಲು ದೃಶ್ಯದಿಂದ ದೃಶ್ಯಕ್ಕೆ ಸೂಚನೆ ಕೊಡುತ್ತದೆ. ನಿಮ್ಮ ಟಿವಿಯಲ್ಲಿ ಆ ಸೌಲಭ್ಯ ಇರುವಾಗ ಪ್ಲೇಯರ್‌ನಲ್ಲೂ ಇರಲೇಬೇಕು.

ಮೊಮ್ಮಗನ ಪ್ಲೇಸ್ಟೇಷನ್ 5 ಇಲ್ಲೇ ಹಿಂದೆ ಬೀಳುತ್ತದೆ. ಡಿಸ್ಕ್ ಟ್ರೇ ಇರುವ ಪ್ಲೇಸ್ಟೇಷನ್ 5 ಆಗಿದ್ದರೆ 4ಕೆ ಬ್ಲೂ-ರೇ ನುಡಿಸುತ್ತದೆ, ಚಿತ್ರವೂ ಚೆನ್ನಾಗಿಯೇ ಬರುತ್ತದೆ. ಆದರೆ ಡಿಸ್ಕ್‌ನಲ್ಲಿರುವ ಡಾಲ್ಬಿ ವಿಷನ್ ಅದರಿಂದ ಬರುವುದಿಲ್ಲ, ಸಂಗೀತದ ಸಿಡಿಯನ್ನಂತೂ ಅದು ಓದುವುದೇ ಇಲ್ಲ. ತಿಂಗಳಿಗೆ ಒಂದೆರಡು ಡಿಸ್ಕ್ ಮಾತ್ರ ನೋಡುವುದಾದರೆ, ಹೊಸ ಯಂತ್ರ ಬರುವವರೆಗೆ ಅದನ್ನೇ ಬಳಸಿ.

ನಿಮ್ಮ ಮಗ ಹೇಳಿದ ಒಟಿಟಿಯ ಮಾತನ್ನು ತಳ್ಳಿಹಾಕಲಾಗದು, ಅದರಲ್ಲಿ ಅರ್ಧ ಸತ್ಯವಿದೆ. ಕನ್ನಡ ಚಿತ್ರಗಳನ್ನು ನೋಡುವುದಕ್ಕಾಗಿ 4ಕೆ ಪ್ಲೇಯರ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮ ಚಿತ್ರಗಳು ವಿಸಿಡಿಯಲ್ಲಿ, ಆಮೇಲೆ ಡಿವಿಡಿಯಲ್ಲಿ ಮನೆಮನೆಗೆ ಬಂದವು. ಮೋಸರ್ ಬೇರ್ ಕಂಪನಿ ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುವಷ್ಟು ಅಗ್ಗಕ್ಕೆ ಡಿಸ್ಕ್ ಮಾರಿದ ಕಾಲವೊಂದಿತ್ತು, ಆ ಕಂಪನಿಯೇ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಸ್ಥಿತಿಗೆ ಬಂತು. ಅದಾದ ಮೇಲೆ ನಮ್ಮ ಚಿತ್ರರಂಗ ಬ್ಲೂ-ರೇಯ ಹಂತವನ್ನು ಹೆಚ್ಚುಕಡಿಮೆ ಹಾರಿ ನೇರವಾಗಿ ಒಟಿಟಿಗೆ ಹೋಯಿತು. ಹೊಸ ಕನ್ನಡ ಚಿತ್ರಕ್ಕೆ ಒಟಿಟಿಯೇ ದಾರಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಇಂಗ್ಲಿಷ್, ಜಪಾನಿ, ಫ್ರೆಂಚ್ ಚಿತ್ರಗಳನ್ನೂ ಸಂಗೀತ ಕಛೇರಿಗಳನ್ನೂ ಪ್ರೀತಿಸುವವರಿಗೆ ಡಿಸ್ಕ್ ಕೊಡುವುದನ್ನು ಒಟಿಟಿ ಇನ್ನೂ ಕೊಡುತ್ತಿಲ್ಲ. 66 ಜಿಬಿಯ ಡಿಸ್ಕ್‌ನಲ್ಲಿ ಎರಡು ಗಂಟೆಯ ಚಿತ್ರವನ್ನು ಪೂರ್ತಿ ತುಂಬಿದರೆ ಸರಾಸರಿ ಸೆಕೆಂಡಿಗೆ 73 ಮೆಗಾಬಿಟ್ ಆಗುತ್ತದೆ. ಅದೇ ಚಿತ್ರ ಒಟಿಟಿಯಲ್ಲಿ 4ಕೆ ರೂಪದಲ್ಲಿ ಬರುವಾಗ ಸಾಮಾನ್ಯವಾಗಿ 15ರಿಂದ 25 ಮೆಗಾಬಿಟ್‌ಗೆ ಇಳಿದಿರುತ್ತದೆ. ಹೊಗೆ, ಮಳೆ, ಮಂಜು, ಅಲೆಯೊಡೆಯುವ ಸಮುದ್ರ, ಹೀಗೆ ಪರದೆಯ ಪ್ರತಿ ಬಿಂದುವೂ ಕ್ಷಣಕ್ಷಣಕ್ಕೆ ಬದಲಾಗುವ ದೃಶ್ಯಗಳಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಧ್ವನಿಯಲ್ಲಿ ಅಂತರ ಇನ್ನೂ ದೊಡ್ಡದು. ಒಟಿಟಿಯ ಅಟ್ಮಾಸ್, ಅಂದರೆ ತಲೆಯ ಮೇಲಿನಿಂದಲೂ ಕೇಳಿಸುವ ಸುತ್ತುಧ್ವನಿ, ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್. ಡಿಸ್ಕ್‌ನಲ್ಲಿರುವ ಡಾಲ್ಬಿ ಟ್ರೂಎಚ್‌ಡಿ ಒಂದು ಬಿಟ್ಟೂ ಕಳೆಯದಂತೆ ಕಟ್ಟಿಟ್ಟ ಧ್ವನಿ, ಅದಕ್ಕೆ 18 ಮೆಗಾಬಿಟ್‌ವರೆಗೂ ಜಾಗವಿದೆ. ಒಳ್ಳೆಯ ಸ್ಪೀಕರ್ ಇರುವ ಮನೆಯಲ್ಲಿ ಮೃದಂಗದ ಒಂದು ಚಾಪು ಬಿದ್ದು ಅದರ ಅನುರಣನ ಆರುವವರೆಗಿನ ಆ ಅರೆಕ್ಷಣದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಇದರ ಜೊತೆಗೆ, ಒಟಿಟಿಯಲ್ಲಿ ನೀವು ಅರ್ಧ ನೋಡಿಟ್ಟ ಚಿತ್ರ ಮುಂದಿನ ತಿಂಗಳು ಅಲ್ಲಿ ಇಲ್ಲದಿರಬಹುದು. ಹಕ್ಕಿನ ಅವಧಿ ಮುಗಿದೊಡನೆ ಅದನ್ನು ತೆಗೆದುಬಿಡುತ್ತಾರೆ. ಕಪಾಟಿನ ಡಿಸ್ಕ್ ಕಪಾಟಿನಲ್ಲೇ ಇರುತ್ತದೆ.

ಈಗ, ಬೆಲೆ ಇಳಿಯಲಿ ಎಂದು ಕಾಯಬಾರದು ಏಕೆ ಎಂಬುದು. 4ಕೆ ಬ್ಲೂ-ರೇ ಪ್ಲೇಯರ್‌ಗಳು ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಎರಡೇ ವರ್ಷದಲ್ಲಿ, 2018ರ ಏಪ್ರಿಲ್‌ನಲ್ಲಿ, ರಸಿಕರು ತಲೆಯ ಮೇಲಿಟ್ಟುಕೊಂಡಿದ್ದ ಆಪ್ಪೋ ಕಂಪನಿ ತಾನಿನ್ನು ಪ್ಲೇಯರ್ ತಯಾರಿಸುವುದಿಲ್ಲ ಎಂದು ಪ್ರಕಟಿಸಿತು. 2019ರಲ್ಲಿ ಸ್ಯಾಮ್‌ಸಂಗ್ ಹಿಂದೆ ಸರಿಯಿತು. 2024ರಲ್ಲಿ ಎಲ್‌ಜಿ ತನ್ನ ಮಾದರಿಗಳನ್ನು ನಿಲ್ಲಿಸಿತು. 2025ರ ಫೆಬ್ರವರಿಯಲ್ಲಿ ಸೋನಿ ಬರೆಯಬಲ್ಲ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಕೈಬಿಟ್ಟಿತು. ಉಳಿದಿರುವ ದೊಡ್ಡ ಹೆಸರುಗಳು ಸೋನಿ ಮತ್ತು ಪ್ಯಾನಸೋನಿಕ್. ಇನ್ನು ಮ್ಯಾಗ್ನೆಟಾರ್‌ನಂಥ ಒಂದೆರಡು ಚಿಕ್ಕ ಕಂಪನಿಗಳು ದುಬಾರಿ ವರ್ಗದಲ್ಲಿವೆ. ಮಾರುವವರು ಕಡಿಮೆಯಾದಂತೆ ಬೆಲೆ ಇಳಿಯುವುದಿಲ್ಲ. ನಿಮ್ಮ ಹಳೆಯ ಪ್ಲೇಯರ್‌ಗೆ ಬಿಡಿಭಾಗ ಸಿಗದೆ ಹೋದದ್ದು ಈ ಕಥೆಯದೇ ಒಂದು ತುಣುಕು. ನನ್ನ ಬಳಿ ಇದ್ದ ಒಂದು ಪ್ಲೇಯರ್‌ನ ಲೇಸರ್ ಐದನೇ ವರ್ಷಕ್ಕೆ ಸೋತಾಗ, ಅಧಿಕೃತ ಸೇವಾ ಕೇಂದ್ರವೊಂದರಲ್ಲಿ ನಾಲ್ಕು ತಿಂಗಳು ಇಟ್ಟುಕೊಂಡು ಕೊನೆಗೆ ಭಾಗ ಬಂದಿಲ್ಲವೆಂದು ಬಿಚ್ಚಿದ ಸ್ಥಿತಿಯಲ್ಲೇ ಹಿಂದಿರುಗಿಸಿದರು. ಅಂದಿನಿಂದ ನಾನು ಯಾರಿಗೂ ಲಕ್ಷದ ಒಂದು ಯಂತ್ರಕ್ಕಿಂತ, ಸಾಧ್ಯವಾದರೆ ಸಾಧಾರಣ ಬೆಲೆಯ ಒಂದನ್ನು ಈಗ ಕೊಂಡು, ಮಿಕ್ಕ ಹಣದಲ್ಲಿ ಎರಡು ಮೂರು ವರ್ಷದ ನಂತರ ಇನ್ನೊಂದನ್ನು ಕೊಂಡಿಡಿ ಎಂದೇ ಹೇಳುತ್ತಿದ್ದೇನೆ. ದುಬಾರಿ ಪ್ಲೇಯರ್‌ನ ಲೇಸರ್ ಕೂಡ ಸವೆಯುವ ವಸ್ತುವೇ.

ಯಾವ ಮಾದರಿ ಎಂದು ಕೇಳಿದರೆ, ಸೋನಿಯ ಯುಬಿಪಿ-ಎಕ್ಸ್700, ಎಕ್ಸ್800ಎಂ2 ಮತ್ತು ಪ್ಯಾನಸೋನಿಕ್‌ನ ಯುಬಿ820, ಈ ಮೂರರಲ್ಲಿ ವಾರಂಟಿಯೊಂದಿಗೆ ಯಾವುದು ಸಿಕ್ಕರೂ ನಿಮ್ಮ ಕೆಲಸ ನಡೆಯುತ್ತದೆ. ಮೂರರಲ್ಲೂ ಡಾಲ್ಬಿ ವಿಷನ್ ಇದೆ, ಎರಡು ಎಚ್‌ಡಿಎಂಐ ಇವೆ. ಸೋನಿಯ ಎರಡೂ ಮಾದರಿಗಳು ಎಸ್‌ಎಸಿಡಿ ಎಂಬ ಸಂಗೀತದ ಡಿಸ್ಕನ್ನೂ ನುಡಿಸುತ್ತವೆ. ಅಷ್ಟು ಬೆಲೆಯ ಯುಬಿ9000 ಅದನ್ನು ನುಡಿಸುವುದಿಲ್ಲ. ಸೋನಿಯಲ್ಲಿ ಒಂದು ಅನನುಕೂಲವೂ ಇದೆ: ಡಾಲ್ಬಿ ವಿಷನ್ ಅನ್ನು ಮೆನುವಿಗೆ ಹೋಗಿ ನಾವೇ ಚಾಲೂ ಮಾಡಬೇಕು, ಆ ಡಿಸ್ಕ್ ಮುಗಿದ ಮೇಲೆ ನಾವೇ ಆರಿಸಬೇಕು, ಮರೆತರೆ ಸಾಮಾನ್ಯ ಎಚ್‌ಡಿಆರ್ ಡಿಸ್ಕ್ ಕೂಡ ಡಾಲ್ಬಿ ವಿಷನ್ ವೇಷದಲ್ಲಿ ಹೋಗಿ ಬಣ್ಣ ಏರುಪೇರಾಗುತ್ತದೆ. ಪ್ಯಾನಸೋನಿಕ್ ಇದನ್ನು ತಾನೇ ಗುರುತಿಸುತ್ತದೆ. ಅಲ್ಲದೆ ಟಿವಿಗೆ ನಿಲುಕದಷ್ಟು ಪ್ರಖರವಾದ ಬೆಳಕನ್ನು ಟಿವಿಯ ಶಕ್ತಿಗೆ ಹೊಂದುವಂತೆ ಇಳಿಸಿ ಕಳುಹಿಸುವ ವ್ಯವಸ್ಥೆಯೂ ಅದರಲ್ಲಿದೆ. ಮುಂದೆ ಎಂದಾದರೂ ಪ್ರೊಜೆಕ್ಟರ್ ಕೊಳ್ಳುವ ಯೋಚನೆಯಿದ್ದರೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಎರಡು ಎಚ್‌ಡಿಎಂಐ ಇರಲೇಬೇಕೆಂದು ಒತ್ತಿ ಹೇಳಿದ್ದು ನಿಮ್ಮ ಹಳೆಯ ರಿಸೀವರ್‌ಗಾಗಿ. ಆ ಕಾಲದ ರಿಸೀವರ್‌ಗಳು 4ಕೆ ಎಚ್‌ಡಿಆರ್ ಚಿತ್ರವನ್ನು ತಮ್ಮ ಮೂಲಕ ದಾಟಿಸಲಾರವು. ಪ್ಲೇಯರ್ ಅನ್ನು ನೇರವಾಗಿ ಟಿವಿಗೆ ಕೊಟ್ಟು ಟಿವಿಯಿಂದ ಆಪ್ಟಿಕಲ್ ತಂತಿಯಲ್ಲಿ ರಿಸೀವರ್‌ಗೆ ಧ್ವನಿ ತಂದರೆ ಟ್ರೂಎಚ್‌ಡಿ ದಾರಿಯಲ್ಲೇ ಬಿದ್ದುಹೋಗುತ್ತದೆ. ಬರುವುದು ಡಿವಿಡಿ ಕಾಲದ ಡಾಲ್ಬಿ ಡಿಜಿಟಲ್ ಮಾತ್ರ. ಇದನ್ನು ನೋಡಿಯೇ ಅಂಗಡಿಯವರು ಹೊಸ ರಿಸೀವರ್ ಕೂಡ ಕೊಳ್ಳಿ ಎನ್ನುತ್ತಾರೆ. ಆ ಖರ್ಚು ನಿಮಗೆ ಬೇಡ. ಮೊದಲನೆಯ ಎಚ್‌ಡಿಎಂಐಯನ್ನು ಟಿವಿಗೆ, ಧ್ವನಿಗೆ ಮೀಸಲಾದ ಎರಡನೆಯದನ್ನು ರಿಸೀವರ್‌ಗೆ ಕೊಡಿ. ಚಿತ್ರ ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ನಿಮ್ಮ ರಿಸೀವರ್‌ನ ಮುಖದ ಮೇಲೆ ಟ್ರೂಎಚ್‌ಡಿ ಚಿಹ್ನೆ ಇದ್ದರೆ, ಅಟ್ಮಾಸ್ ಡಿಸ್ಕ್‌ಗಳೊಳಗಿನ ಟ್ರೂಎಚ್‌ಡಿ ಧ್ವನಿಯೂ ಅದರಲ್ಲಿ ಚೆನ್ನಾಗಿ ನುಡಿಯುತ್ತದೆ. ಪ್ಲೇಯರ್‌ನ ಧ್ವನಿ ಮೆನುವಿನಲ್ಲಿ ಸೆಕೆಂಡರಿ ಆಡಿಯೋ ಎಂಬ ಆಯ್ಕೆಯನ್ನು ಆಫ್ ಮಾಡಿಡಲು ಮರೆಯಬೇಡಿ; ಅದು ಚಾಲೂ ಇದ್ದರೆ ಯಂತ್ರ ಶುದ್ಧ ಧ್ವನಿಯನ್ನು ಬಿಚ್ಚಿ, ಕುಗ್ಗಿಸಿ ಕಳುಹಿಸುತ್ತದೆ, ಮತ್ತು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುವುದನ್ನು ನೋಡಿದ್ದೇನೆ.

ಮಗಳು ಅಮೆರಿಕದಿಂದ ತರುವ ವಿಚಾರದಲ್ಲಿ ನನ್ನ ಸಲಹೆ, ಬೇಡ ಎಂದೇ. ಅಲ್ಲಿನ ಮಾರುಕಟ್ಟೆಗೆಂದು ತಯಾರಾದ ಕೆಲವು ಯಂತ್ರಗಳು 120 ವೋಲ್ಟ್‌ಗೆ ಮಾತ್ರ ಹೊಂದುತ್ತವೆ. ಅಂಥದ್ದನ್ನು ನಮ್ಮ 230 ವೋಲ್ಟ್‌ನ ಪ್ಲಗ್‌ಗೆ ಸಿಕ್ಕಿಸಿದರೆ ಅಂದಿಗೇ ಅದರ ಆಯಸ್ಸು ಮುಗಿದಂತೆ. ವೋಲ್ಟೇಜ್ ಹೊಂದಿದರೂ ಪ್ರದೇಶದ ಬೀಗ ಇದೆ. 4ಕೆ ಡಿಸ್ಕ್‌ಗಳಿಗೆ ಆ ಬೀಗ ಇಲ್ಲ, ಯಾವ ದೇಶದ ಡಿಸ್ಕ್ ಯಾವ ಪ್ಲೇಯರ್‌ನಲ್ಲಾದರೂ ಓಡುತ್ತದೆ. ಆದರೆ ಬ್ಲೂ-ರೇಯಲ್ಲಿ ಅಮೆರಿಕ ಎ ಪ್ರದೇಶ, ಭಾರತ ಸಿ ಪ್ರದೇಶ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ನಿಮ್ಮ 30 ಬ್ಲೂ-ರೇಗಳಲ್ಲಿ ಬೀಗ ಹಾಕಿದವು ಇದ್ದರೆ ಅವು ಆ ಯಂತ್ರದಲ್ಲಿ ತೆರೆಯುವುದಿಲ್ಲ. ಮದುವೆಯ ಡಿವಿಡಿಗಳಿಗೆ ಬೀಗ ಇರುವುದಿಲ್ಲ ನಿಜ, ಆದರೆ ಅವು ನಮ್ಮ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರದಂತೆ ದಾಖಲಾದವು; ಅಮೆರಿಕದ ಎಷ್ಟೋ ಪ್ಲೇಯರ್‌ಗಳು ಅದನ್ನು ಒಪ್ಪುವುದಿಲ್ಲ. ಮಗಳು ಏನಾದರೂ ತರಲೇಬೇಕೆಂದಿದ್ದರೆ 4ಕೆ ಡಿಸ್ಕ್‌ಗಳನ್ನು ತರಲಿ. ಇಲ್ಲಿ ಸಿಗದ ಎಷ್ಟೋ ಚಿತ್ರಗಳು ಅಲ್ಲಿ ಸಿಗುತ್ತವೆ, ಅವು ನಿಮ್ಮ ಪ್ಲೇಯರ್‌ನಲ್ಲಿ ನಿರಾತಂಕವಾಗಿ ಓಡುತ್ತವೆ.

ಆ 1,10,000 ರೂಪಾಯಿಯ ಯಂತ್ರ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸ್ಟಿರಿಯೋ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಉತ್ತಮ ಸ್ಪೀಕರ್ ಇಟ್ಟುಕೊಂಡು, ಎಚ್‌ಡಿಎಂಐ ಇಲ್ಲದೆ ಅನಲಾಗ್ ತಂತಿಯಲ್ಲೇ ಸಂಗೀತ ಕೇಳುವವರಿಗೆ, ಒಂದೇ ಪೆಟ್ಟಿಗೆಯಿಂದ ಚಿತ್ರವೂ ಸಂಗೀತವೂ ಬರಲಿ ಎನ್ನುವವರಿಗೆ, ಅದರ ಒಳಗಿನ ಪರಿವರ್ತಕ ನಿಜವಾಗಿ ದುಡಿಯುತ್ತದೆ, ಅವರ ಹಣಕ್ಕೆ ಬೆಲೆ ಸಿಗುತ್ತದೆ. ಪತ್ರದಲ್ಲಿ ನೀವು ವಿವರಿಸಿದ ಮನೆ ಅದಲ್ಲ.

ತುಮಕೂರಿನ ವಿದ್ಯುತ್ತಿನ ಬಗೆಗೂ ಧೂಳಿನ ಬಗೆಗೂ ಒಂದು ಮಾತು. ಬೇಸಿಗೆಯ ಮೊದಲ ಗಾಳಿಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಡಿಸ್ಕ್ ತಿರುಗುತ್ತಿದ್ದರೆ ಯಂತ್ರಕ್ಕೆ ಪೆಟ್ಟು. ಕಂಪ್ಯೂಟರ್‌ಗೆ ಬಳಸುವಂಥ ಚಿಕ್ಕ ಯುಪಿಎಸ್ ಒಂದನ್ನು ಪ್ಲೇಯರ್‌ಗೂ ರಿಸೀವರ್‌ಗೂ ಸೇರಿಸಿ ಹಾಕಿಸಿ. ರಸ್ತೆ ಕೆಲಸ ನಡೆಯುವ ಬೀದಿಗಳಲ್ಲಿ ಲೇಸರ್‌ನ ಮಸೂರದ ಮೇಲೆ ಆರೇ ತಿಂಗಳಲ್ಲಿ ಹಿಟ್ಟಿನಂಥ ತೆಳು ಪದರ ಕೂರುತ್ತದೆ, ಆಗ ಮೊದಲು ಮುಗ್ಗರಿಸುವುದು ಮೂರು ಪದರದ 100 ಜಿಬಿ ಡಿಸ್ಕ್‌ಗಳು. ಗಾಜಿನ ಬಾಗಿಲಿನ ಕಪಾಟಿನಲ್ಲಿಡಿ, ಹಿಂಬದಿ ಮಾತ್ರ ಗಾಳಿಯಾಡಲು ತೆರೆದಿರಲಿ.

ಕೊನೆಯದಾಗಿ ಮದುವೆಯ ಡಿವಿಡಿಗಳು. ನೀವು ಕೇಳಿಲ್ಲ, ಆದರೆ ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಚಿಂತೆಯಾದದ್ದು ಅವುಗಳದ್ದೇ. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿವಿಡಿಯಲ್ಲಿ ಮಾಹಿತಿಯನ್ನು ಅಚ್ಚೊತ್ತಿರುತ್ತಾರೆ, ಅದು ದಶಕಗಳ ಕಾಲ ಉಳಿಯುತ್ತದೆ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್ ಹಾಗಲ್ಲ. ಅದರ ಕೆಳಮೈ ತಿರುಗಿಸಿ ನೋಡಿ, ತುಸು ನೇರಳೆ ಛಾಯೆ ಕಾಣುತ್ತದೆ. ಅದು ಬಣ್ಣದ ಒಂದು ಪದರ, ಅದರ ಮೇಲೆ ಲೇಸರ್‌ನಿಂದ ಸುಟ್ಟು ಬರೆದಿರುತ್ತಾರೆ. ಬಿಸಿಲು, ಶಾಖ, ತೇವ ತಗಲಿದಂತೆ ಆ ಬಣ್ಣ ಮಾಸುತ್ತದೆ, ಒಂದು ದಿನ ಮುಹೂರ್ತದ ಹೊತ್ತಿಗೆ ಬಂದು ಚಿತ್ರ ನಿಂತುಬಿಡುತ್ತದೆ. ಅದನ್ನು ಯಾವ ಬೆಲೆಯ ಪ್ಲೇಯರ್ ಕೂಡ ಮರಳಿ ತರಲಾರದು. ಹೊಸ ಪ್ಲೇಯರ್‌ಗೂ ಮೊದಲು, ಈ ವಾರವೇ, ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಲ್ಲಿ ಜೋಡಿಸುವ ಒಂದು ಡಿವಿಡಿ ಡ್ರೈವ್ ತಂದು, ಒಂದೊಂದು ಡಿಸ್ಕ್‌ನಲ್ಲಿರುವ ಫೋಲ್ಡರ್‌ಗಳನ್ನು ಪೂರ್ತಿಯಾಗಿ ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿ. ಒಂದು ಪದರದ ಡಿಸ್ಕ್‌ಗೆ ಹೆಚ್ಚೆಂದರೆ 4.7 ಜಿಬಿ ಆಗುತ್ತದೆ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿಯಿಟ್ಟು, ಒಂದನ್ನು ಮಗನ ಮನೆಯಲ್ಲಿಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಕಂಪನಿಯ ಡ್ರೈವ್ ಓದುವುದುಂಟು, ಬೇಗ ಎಸೆಯಬೇಡಿ.

ಅದಾದ ಮೇಲೆ ಅಂಗಡಿಗೆ ಹೋಗುವಾಗ ಮೂರು ಡಿಸ್ಕ್ ಜೊತೆಯಲ್ಲಿರಲಿ: ಮದುವೆಯದ್ದೊಂದು, ಗೀರು ಬಿದ್ದ ಹಳೆಯ ಡಿವಿಡಿ ಒಂದು, ನಿಮ್ಮಲ್ಲಿರುವ ಬ್ಲೂ-ರೇ ಒಂದು. ವಿಸಿಡಿಗಳೂ ಇದ್ದರೆ ಅದೂ ಒಂದಿರಲಿ, ಏಕೆಂದರೆ ಈಗಿನ ಕೆಲವು ಪ್ಲೇಯರ್‌ಗಳು ವಿಸಿಡಿಯನ್ನು ಓದುವುದಿಲ್ಲ. ಹಣ ಕೊಡುವ ಮೊದಲು ಪೆಟ್ಟಿಗೆ ಬಿಚ್ಚಿಸಿ, ಹಿಂಬದಿಯ ಫಲಕದಲ್ಲಿ ವೋಲ್ಟೇಜ್ ಓದಿ, ಪ್ರತಿಯೊಂದು ಡಿಸ್ಕನ್ನೂ ಹಾಕಿಸಿ ನಡುವಿನ ಅಧ್ಯಾಯಕ್ಕೆ ಹಾರಿಸಿ ನೋಡಿ, ಬಿಲ್ಲಿನಲ್ಲಿ ಭಾರತದ ವಾರಂಟಿ ಎಂದು ಬರೆಸಿಕೊಳ್ಳಿ. ಇಷ್ಟಕ್ಕೆ ಒಪ್ಪದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದರೂ ಚಿಂತೆಯಿಲ್ಲ, ಇನ್ನೊಂದು ಅಂಗಡಿಯಲ್ಲಿ ವಿಚಾರಿಸಿ.